ನೈರೋಬಿಯಲ್ಲಿ ಅಪ್ಪಾ ಪಂತರ ಆರು ವರ್ಷ

ರಾಯಭಾರಿ ಎಂದ ಕೂಡಲೆ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಯಾವುದು? ಮುಂದೆ ಪುಟ್ಟ ಬಾವುಟ ಹಾರಿಸಿಕೊಂಡು ಬರುವ ಕಪ್ಪು ಕಾರು, ಮುಚ್ಚುಗತ್ತಿನ ಕೋಟು, ಸಂಜೆಯ ಔತಣ, ಪಕ್ಕದಲ್ಲಿ ರೇಷ್ಮೆ ಸೀರೆಯುಟ್ಟು ನಗುತ್ತ ನಿಂತ ಪತ್ನಿ. ಯಾರ ಮನಸ್ಸನ್ನೂ ನೋಯಿಸದೆ, ಯಾರಿಗೂ 'ಇಲ್ಲ' ಎನ್ನದೆ ಮಾತಾಡುವುದೇ ಅವರ ಕೆಲಸ ಅಂತ ನಾವೆಲ್ಲ ತಿಳಿದಿದ್ದೇವೆ. ಆದರೆ ಸ್ವಾತಂತ್ರ್ಯ ಬಂದ ಮರುವರ್ಷವೇ ನಮ್ಮ ದೇಶ ಪೂರ್ವ ಆಫ್ರಿಕಕ್ಕೆ ಕಳಿಸಿದ ಮೊದಲ ಪ್ರತಿನಿಧಿ ಬೇರೆಯೇ ತರಹದವರು. 'ಈ ಮನುಷ್ಯನನ್ನು ದಯವಿಟ್ಟು ವಾಪಸು ಕರೆಸಿಕೊಳ್ಳಿ' ಅಂತ ಅಲ್ಲಿನ ಆಳರಸರು ದೆಹಲಿಗೆ ದೂರು ಕೊಡುವಂತೆ ಮಾಡಿದವರು ಅವರು. ಹೆಸರು ಅಪ್ಪಾ ಬಾಳಾಸಾಹೇಬ್ ಪಂತ್. 1948ರಿಂದ 1954ರವರೆಗೆ ಆರು ವರ್ಷ ಕೀನ್ಯಾ ದೇಶದ ನೈರೋಬಿಯಲ್ಲಿ ಇದ್ದರು.

ಸರಿಯಾಗಿ ಹೇಳಬೇಕೆಂದರೆ ಅವರ ಹುದ್ದೆಯ ಹೆಸರು ರಾಯಭಾರಿ ಅಲ್ಲ, ಕಮಿಷನರ್. ಕೀನ್ಯಾ, ಉಗಾಂಡ, ಟಾಂಗನೀಕ, ಜಾಂಜಿಬಾರ್ ಎಲ್ಲ ಆಗ ಇಂಗ್ಲಿಷರ ಕೈಕೆಳಗಿದ್ದವು. ಸ್ವತಂತ್ರ ದೇಶವಲ್ಲದ ಮೇಲೆ ಅಲ್ಲಿಗೆ ರಾಯಭಾರಿಯನ್ನು ಕಳಿಸುವ ಹಾಗಿಲ್ಲವಲ್ಲ! ಹೆಸರು ಏನಾದರೂ ಇರಲಿ, ಕೆಲಸ ರಾಯಭಾರಿಯದೇ. ಮುಂದೆ ಇಂಡೊನೇಷ್ಯ, ನಾರ್ವೆ, ಈಜಿಪ್ಟ್, ಬ್ರಿಟನ್, ಇಟಲಿ ಎಂದು ದೇಶದೇಶಗಳಲ್ಲಿ ದೊಡ್ಡ ಹುದ್ದೆಗಳನ್ನು ನೋಡಿದರು. 1974ರಲ್ಲಿ 'ಎ ಮೊಮೆಂಟ್ ಇನ್ ಟೈಮ್' ಎಂಬ ನೆನಪಿನ ಪುಸ್ತಕವನ್ನೂ, ಆಮೇಲೆ ಇನ್ನೂ ಕೆಲವನ್ನೂ ಇಂಗ್ಲಿಷಿನಲ್ಲಿ ಬರೆದರು. ಅಷ್ಟು ದೇಶ ಸುತ್ತಿದವರ ಬದುಕಿನಲ್ಲಿ ಆಫ್ರಿಕದ್ದು ಒಂದು ವಿಶೇಷ ಅಧ್ಯಾಯ. ನಮ್ಮಂಥ ಗೃಹಿಣಿಯರಿಗೂ ಅದರಲ್ಲಿ ತಿಳಿಯುವಂಥದ್ದು ಬಹಳ ಇದೆ. ಯಾಕೆಂದರೆ ಅಲ್ಲಿ ನಡೆದ ಜಗಳದ ಮುಕ್ಕಾಲು ಪಾಲು, ಯಾರು ಯಾರ ಜೊತೆ ಕೂತು ಊಟ ಮಾಡಬಹುದು ಅನ್ನುವುದರ ಸುತ್ತಲೇ ಇತ್ತು.

ರಾಜಕುಮಾರ, ಆದರೂ...

ಪಂತರು ಹುಟ್ಟಿದ್ದು 1912ರಲ್ಲಿ, ಮಹಾರಾಷ್ಟ್ರದ ಸಾತಾರಾ ಕಡೆಯ ಔಂಧ್ ಎಂಬ ಪುಟ್ಟ ಸಂಸ್ಥಾನದ ರಾಜರ ಮಗನಾಗಿ. ಪುಟ್ಟದು ಎಂದರೆ ಎಪ್ಪತ್ತೆರಡು ಹಳ್ಳಿಗಳ ರಾಜ್ಯ, ಅದೂ ಒಂದೇ ಕಡೆ ಇಲ್ಲದೆ ಅಲ್ಲಲ್ಲಿ ಚದುರಿದ್ದು. ನಮ್ಮ ವಿಜಯಪುರ ಕಡೆಯ ಗುಣದಾಳ ಕೂಡ ಔಂಧ್‌ಗೇ ಸೇರಿತ್ತು. ಇವರ ತಂದೆಯವರು ಸೂರ್ಯನಮಸ್ಕಾರದ ಹುಚ್ಚಿನವರು. ಇವತ್ತು ಶಾಲೆಗಳಲ್ಲಿ, ಟಿ.ವಿ.ಯಲ್ಲಿ ಎಲ್ಲ ಕಡೆ ಕಾಣುವ ಸೂರ್ಯನಮಸ್ಕಾರವನ್ನು ಜನರ ವ್ಯಾಯಾಮವಾಗಿ ಬಳಕೆಗೆ ತಂದವರಲ್ಲಿ ಅವರದು ದೊಡ್ಡ ಹೆಸರು. ಮಗನೂ ಅದರ ಮೇಲೆ ಒಂದು ಪುಸ್ತಕ ಬರೆದರು.

ಮಗ ಆಕ್ಸ್‌ಫರ್ಡಿನಲ್ಲಿ ಓದಿ ಬ್ಯಾರಿಸ್ಟರಾಗಿ ಬಂದಾಗ ಔಂಧ್‌ನಲ್ಲಿ ಒಂದು ವಿಚಿತ್ರ ನಡೆಯಿತು. ಗಾಂಧೀಜಿಯವರ ಸಲಹೆ ಪಡೆದು ರಾಜರು ತಮ್ಮ ಅಧಿಕಾರವನ್ನು ತಾವಾಗಿಯೇ ಪ್ರಜೆಗಳ ಕೈಗೆ ಬಿಟ್ಟುಕೊಟ್ಟರು. ಇದು 1938-39ರ ಮಾತು. ಈ ಕೆಲಸದಲ್ಲಿ ಜೊತೆಯಾದವರು ಮೌರಿಸ್ ಫ್ರಿಡ್‌ಮನ್ ಎಂಬ ಪೋಲೆಂಡಿನ ಎಂಜಿನಿಯರು. ಅವರು ನಮ್ಮ ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ವಿದ್ಯುತ್ ಕಾರ್ಖಾನೆ ನಡೆಸಲು ಬಂದು, ಕಾವಿ ಉಟ್ಟು, ಗಾಂಧೀಜಿಯ ಶಿಷ್ಯರಾದವರು. ಔಂಧ್‌ನಲ್ಲಿ ಅವರು ಬೀಗವಿಲ್ಲದ, ಗೋಡೆಯಿಲ್ಲದ ಒಂದು ಬಯಲು ಜೈಲು ನಡೆಸಿದರು. ಶಾಂತಾರಾಮರ 'ದೋ ಆಂಖೇಂ ಬಾರಹ್ ಹಾಥ್' ಸಿನಿಮಾ ನೋಡಿದ್ದೀರಲ್ಲ? ಕೊಲೆ ಮಾಡಿದ ಕೈದಿಗಳನ್ನು ನಂಬಿ ಹೊಲದಲ್ಲಿ ದುಡಿಸುವ ಜೈಲರನ ಆ ಕಥೆಗೆ ಇದೇ ಮೂಲ.

ಇಷ್ಟೆಲ್ಲ ಯಾಕೆ ಹೇಳಿದೆ ಎಂದರೆ, ನೈರೋಬಿಗೆ ಬಂದ ಪಂತರು ಅಧಿಕಾರ ಅಂದರೆ ಹಿಡಿದುಕೊಳ್ಳುವಂಥದ್ದು ಮಾತ್ರವಲ್ಲ, ಬಿಟ್ಟುಕೊಡುವಂಥದ್ದೂ ಹೌದು ಎಂಬುದನ್ನು ಸ್ವಂತ ಮನೆಯಲ್ಲೇ ಕಂಡಿದ್ದರು. ಇಂಗ್ಲಿಷರಿಗೆ ಇದು ಗೊತ್ತಿರಲಿಲ್ಲ ಅಂತ ಕಾಣುತ್ತದೆ. ರಾಜರ ಮಗ, ಆಕ್ಸ್‌ಫರ್ಡಿನವನು, ನಮ್ಮ ಜೊತೆ ಚೆನ್ನಾಗಿ ಹೊಂದಿಕೊಂಡು ಹೋಗುತ್ತಾನೆ ಎಂದುಕೊಂಡಿದ್ದಿರಬೇಕು.

ಮೂರು ಬಾಗಿಲ ಊರು

ಆಗಿನ ನೈರೋಬಿ ಹೇಗಿತ್ತು? ಎತ್ತರದ ಜಾಗ, ತಂಪು ಹವೆ, ಹೆಚ್ಚು ಕಡಿಮೆ ನಮ್ಮ ಬೆಂಗಳೂರಿನ ಹಾಗೆ. ಆದರೆ ಊರಿನಲ್ಲಿ ಎಲ್ಲದಕ್ಕೂ ಮೂರು ಬಾಗಿಲು. ಬಿಳಿಯರಿಗೊಂದು ಶಾಲೆ, ಏಷ್ಯಾದವರಿಗೊಂದು, ಆಫ್ರಿಕನರಿಗೊಂದು. ಆಸ್ಪತ್ರೆಯೂ ಹಾಗೆಯೇ, ವಾಸದ ಬಡಾವಣೆಯೂ ಹಾಗೆಯೇ. ಒಂದೇ ಕೆಲಸ ಮಾಡಿದರೂ ಮೂರು ಬಣ್ಣಕ್ಕೆ ಮೂರು ಸಂಬಳ. ದೊಡ್ಡ ಹೋಟೆಲುಗಳಲ್ಲಿ ಆಫ್ರಿಕನರು ಬಡಿಸಬಹುದಿತ್ತು, ಕೂತು ತಿನ್ನುವ ಹಾಗಿರಲಿಲ್ಲ. ನಮ್ಮವರಿಗೂ ಅಲ್ಲಿ ಬಾಗಿಲು ಮುಚ್ಚಿತ್ತು ಅನ್ನಿ.

1948ರ ಜನಗಣತಿಯ ಪ್ರಕಾರ ಕೀನ್ಯಾದಲ್ಲಿ ಸುಮಾರು 52 ಲಕ್ಷ ಆಫ್ರಿಕನರು, ಒಂದು ಲಕ್ಷದ ಹತ್ತಿರ ಏಷ್ಯಾದವರು, 30 ಸಾವಿರ ಬಿಳಿಯರು ಇದ್ದರು. ಆದರೆ ತಂಪಾದ, ಫಲವತ್ತಾದ ಬೆಟ್ಟದ ನೆಲವನ್ನೆಲ್ಲ ಬಿಳಿಯರಿಗೆಂದೇ ಮೀಸಲಿಟ್ಟಿದ್ದರು. ಅದರ ಹೆಸರೇ 'ವೈಟ್ ಹೈಲ್ಯಾಂಡ್ಸ್', ಅಂದರೆ ಬಿಳಿಯರ ಬೆಟ್ಟಸೀಮೆ. ಅಲ್ಲಿ ಬೇರೆ ಬಣ್ಣದವರು ಭೂಮಿ ಕೊಳ್ಳುವ ಹಾಗಿಲ್ಲ. ಚಿಕ್ಕಮಗಳೂರು, ಕೊಡಗಿನ ಓದುಗರು ಇದನ್ನು ಗಮನಿಸಬೇಕು: ಕಾಫಿ ಬೆಳೆಯುವ ಆ ನಾಡಿನಲ್ಲಿ ಎಷ್ಟೋ ದಶಕಗಳ ಕಾಲ ಅಲ್ಲಿಯ ರೈತ ತನ್ನ ಸ್ವಂತ ಹೊಲದಲ್ಲಿ ನಾಲ್ಕು ಕಾಫಿ ಗಿಡ ನೆಡಬೇಕೆಂದರೂ ಬಹುಪಾಲು ಕಡೆ ಅದಕ್ಕೆ ಅಪ್ಪಣೆ ಇರಲಿಲ್ಲ! ಬಿಳಿಯರ ತೋಟಕ್ಕೆ ಕೂಲಿ ಹೋಗಬಹುದು, ಅಷ್ಟೆ. ಗಂಡಾಳುಗಳು 'ಕಿಪಾಂಡೆ' ಎಂಬ ಗುರುತಿನ ಚೀಟಿಯನ್ನು ತಗಡಿನ ಡಬ್ಬಿಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡೇ ತಿರುಗಬೇಕಿತ್ತು. ಪಂತರು ಬರುವ ಸ್ವಲ್ಪ ಮುಂಚೆಯಷ್ಟೇ ಅದು ತಪ್ಪಿತ್ತು. ಹೆಂಗಸರ ಪಾಡೂ ಹೆಚ್ಚು ಬೇರೆಯಲ್ಲ. ಮಣ್ಣು ಕೊಚ್ಚಿ ಹೋಗದಂತೆ ಗುಡ್ಡಗಳಿಗೆ ಬದು ಹಾಕುವ ಬಿಟ್ಟಿ ದುಡಿಮೆಯ ವಿರುದ್ಧ ಮುರಾಂಗಾ ಎಂಬ ಸೀಮೆಯ ಹೆಂಗಸರು ಅದೇ 1948ರಲ್ಲಿ ಗುಂಪುಗೂಡಿ ಪ್ರತಿಭಟಿಸಿದರು.

ಈ ನಡುವೆ ನಮ್ಮವರು ಎಲ್ಲಿದ್ದರು? ನಡುವೆಯೇ ಇದ್ದರು. 1896ರಿಂದ 1901ರವರೆಗೆ ಮೊಂಬಾಸಾ ಬಂದರಿನಿಂದ ವಿಕ್ಟೋರಿಯಾ ಸರೋವರದವರೆಗೆ ಇಂಗ್ಲಿಷರು ರೈಲು ಹಾಕಿಸಿದಾಗ ನಮ್ಮ ದೇಶದಿಂದ, ಹೆಚ್ಚಾಗಿ ಪಂಜಾಬಿನಿಂದ, ಸುಮಾರು 32 ಸಾವಿರ ಕೂಲಿಗಳನ್ನು ಒಯ್ದರು. ಅದರಲ್ಲಿ ಸುಮಾರು ಎರಡೂವರೆ ಸಾವಿರ ಮಂದಿ ಅಲ್ಲೇ ಸತ್ತರು, ಬಹುಪಾಲು ಜನ ವಾಪಸು ಬಂದರು, ಆರೇಳು ಸಾವಿರ ಅಲ್ಲೇ ಉಳಿದರು. ಅವರ ಹಿಂದೆಯೇ ಗುಜರಾತು, ಕಛ್‌ನ ವ್ಯಾಪಾರಿಗಳು ಹೋದರು. ಕಾಡಿನ ನಡುವೆ ತಗಡಿನ ಸೂರು ಹಾಕಿ ಉಪ್ಪು, ಸಕ್ಕರೆ, ಬಟ್ಟೆ, ಸೀಮೆಎಣ್ಣೆ ಮಾರಿದರು. ಅಂಗಡಿಗೆ ಅಲ್ಲಿಯ ಸ್ವಾಹಿಲಿ ಭಾಷೆಯಲ್ಲಿ 'ದುಕಾ' ಎನ್ನುತ್ತಾರೆ. ದುಕಾನು ಎಂಬ ಮಾತೇ ಬಾಲ ಕತ್ತರಿಸಿಕೊಂಡು ಹಾಗಾಗಿದೆ. ಮೇಲೆ ಬಿಳಿಯ ಯಜಮಾನ, ಕೆಳಗೆ ಆಫ್ರಿಕನ್ ಕೂಲಿ, ನಡುವೆ ನಮ್ಮ ಅಂಗಡಿಯವನು. ಯಜಮಾನನ ಬಗ್ಗೆ ಭಯ, ಕೂಲಿಯವನ ಬಗ್ಗೆ ತಾತ್ಸಾರ. ನಮ್ಮವರ ಬಗ್ಗೆ ಹೀಗೆ ಬರೆಯಲು ಮನಸ್ಸಿಗೆ ಹಿಡಿಸುವುದಿಲ್ಲ, ಆದರೆ ಇದ್ದದ್ದು ಹಾಗೆಯೇ.

ಪಂತರಿಗೆ ಬಹಳ ಕಸಿವಿಸಿ ತಂದದ್ದೂ ಇದೇ. ಅವರನ್ನು ಅಲ್ಲಿಗೆ ಕಳಿಸಿದ್ದು ಅಲ್ಲಿರುವ ಭಾರತೀಯರ ಹಿತ ನೋಡಿಕೊಳ್ಳಲು. ಆದರೆ ನೆಹರೂ ಅವರು ಮತ್ತೆ ಮತ್ತೆ ಬಹಿರಂಗವಾಗಿಯೇ ಹೇಳಿದ್ದು, ಆಫ್ರಿಕ ಆಫ್ರಿಕನರದು, ಅವರ ಹಿತ ಮೊದಲು, ಅವರ ತಲೆಯ ಮೇಲೆ ಕಾಲಿಟ್ಟು ಭಾರತೀಯರು ಯಾವ ವಿಶೇಷ ಹಕ್ಕನ್ನೂ ಕೇಳಬಾರದು ಅಂತ. ತಮ್ಮ ಹೊಸ ಕಮಿಷನರು ಬಂದು ತಮಗೆ ಇನ್ನೆರಡು ಸವಲತ್ತು ಕೊಡಿಸಿಯಾರು ಎಂದು ಹಾರ ಹಿಡಿದು ನಿಂತಿದ್ದ ವ್ಯಾಪಾರಿಗಳಿಗೆ, 'ನೀವಿಲ್ಲಿ ನೆಂಟರು, ಮನೆಯವರಲ್ಲ' ಎಂಬರ್ಥದ ಮಾತು ಹಿಡಿಸುವುದು ಹೇಗೆ? ಅದರಲ್ಲೂ ಅವರು ಮೂರು ತಲೆಮಾರಿನಿಂದ ಅಲ್ಲಿದ್ದವರು. ಅಲ್ಲೇ ಹೆತ್ತು, ಅಲ್ಲೇ ಹೂತು, ಅಲ್ಲೇ ಸುಟ್ಟವರು.

ಸಾಲದ್ದಕ್ಕೆ ನಮ್ಮವರು ತಮ್ಮೊಳಗೇ ಒಡೆದುಹೋಗಿದ್ದರು. ಜಾತಿಗೊಂದು ಸಂಘ, ಪಂಥಕ್ಕೊಂದು ಸಭಾಭವನ. ಭಾರತ-ಪಾಕಿಸ್ತಾನ ಇಬ್ಭಾಗವಾದದ್ದು ಸಾವಿರಾರು ಮೈಲಿ ಆಚೆ, ಬಿರುಕು ಬಿಟ್ಟದ್ದು ನೈರೋಬಿಯ ಬೀದಿಯಲ್ಲಿ. ಅಲ್ಲಿಯ ಶಾಸನಸಭೆಗೆ ಹಿಂದೂಗಳಿಗೇ ಬೇರೆ, ಮುಸಲ್ಮಾನರಿಗೇ ಬೇರೆ ಮತದಾರರ ಪಟ್ಟಿ ಮಾಡಲು 1951ರಲ್ಲಿ ಸರ್ಕಾರ ಕಾನೂನು ತಂದಿತು. ಪಂತರು ಇದನ್ನು ವಿರೋಧಿಸಿದರು, ಸೋತರು.

ಊಟದ ಮೇಜು

ಪಂತರು ಮಾಡಿದ ಕೆಲಸಗಳಲ್ಲಿ ಇಂಗ್ಲಿಷರ ಕಣ್ಣು ಕೆಂಪಾಗಿಸಿದ್ದು ಯಾವ ಭಾಷಣವೂ ಅಲ್ಲ, ಮನೆಗೆ ಊಟಕ್ಕೆ ಕರೆದದ್ದು. ಅವರ ಮನೆಯಲ್ಲಿ ಆಫ್ರಿಕನರು, ಭಾರತೀಯರು, ಬಿಳಿಯರು ಒಟ್ಟಿಗೆ ಕೂತು ಮಾತಾಡುತ್ತಿದ್ದರು, ಒಟ್ಟಿಗೆ ಉಣ್ಣುತ್ತಿದ್ದರು. ಜೋಮೋ ಕೆನ್ಯಾಟಾ ಬರುತ್ತಿದ್ದರು. ಇವರೇ ಮುಂದೆ ಸ್ವತಂತ್ರ ಕೀನ್ಯಾದ ಮೊದಲ ಅಧ್ಯಕ್ಷರಾದವರು. ಕಿಕುಯು ಜನಾಂಗದ ಹಿರಿಯ ಮುಖಂಡ ಕೊಯ್‌ನಾಂಗೆ ಮತ್ತು ಅವರ ಮನೆಯವರೊಡನೆ ಪಂತರಿಗೆ ಗಾಢ ಸ್ನೇಹ. ಹೋಟೆಲಿನಲ್ಲಿ ಕೂರಿಸದ ಜನರನ್ನು ಒಂದು ದೇಶದ ಪ್ರತಿನಿಧಿ ತನ್ನ ಮನೆಯ ಮೇಜಿಗೆ ಕರೆಯುವುದೆಂದರೆ ಅಂದಿನ ನೈರೋಬಿಯಲ್ಲಿ ಸಣ್ಣ ಮಾತಲ್ಲ.

ಪಂತರ ಪತ್ನಿ ನಳಿನಿದೇವಿಯವರು ಸ್ವತಃ ವೈದ್ಯೆ. ಇಂಥ ಊಟದ ಮೇಜಿನ ಹಿಂದೆ ಒಂದು ಅಡುಗೆಮನೆಯೂ ಇರುತ್ತದೆ, ಎಷ್ಟು ಜನ ಬರುತ್ತಾರೆ, ಯಾರು ಏನು ತಿನ್ನುತ್ತಾರೆ, ಯಾರ ಪಕ್ಕ ಯಾರನ್ನು ಕೂರಿಸಬೇಕು ಅಂತ ಲೆಕ್ಕ ಹಾಕುವ ಒಬ್ಬ ಹೆಂಗಸು ಇರುತ್ತಾಳೆ ಅನ್ನುವುದು ಇತಿಹಾಸ ಬರೆಯುವವರಿಗೆ ಹೊಳೆಯುವುದು ಕಡಿಮೆ. ನಮಗೆ ಹೊಳೆಯುತ್ತದೆ. ರಾಯಭಾರದ ಅರ್ಧ ಕೆಲಸ ನಡೆಯುವುದು ಅಲ್ಲಿಯೇ.

ಊಟದ ಮಾತು ಬಂತಲ್ಲ, ಇಲ್ಲಿ ಸ್ವಲ್ಪ ಆ ದೇಶದ ಅಡುಗೆ ಹೇಳದೆ ಮುಂದೆ ಹೋಗಲು ನನ್ನ ಕೈಲಾಗದು. ಅವರ ದಿನನಿತ್ಯದ ಊಟ 'ಉಗಾಲಿ'. ಕುದಿಯುವ ನೀರಿಗೆ ಮೆಕ್ಕೆಜೋಳದ ಹಿಟ್ಟು ಹಾಕಿ, ಕೋಲಿನಲ್ಲಿ ತಿರುವಿ ಗಟ್ಟಿ ಮಾಡುವುದು. ಥೇಟ್ ನಮ್ಮ ಮುದ್ದೆ! ಬಣ್ಣ ಮಾತ್ರ ಬಿಳಿ. ಕೈಯಲ್ಲಿ ಮುರಿದು, ಉಂಡೆ ಮಾಡಿ, ಸೊಪ್ಪಿನ ಪಲ್ಯದಲ್ಲಿ ಅದ್ದಿ ತಿನ್ನುತ್ತಾರೆ. ಆ ಸೊಪ್ಪು ಕೋಸಿನ ಜಾತಿಯದು, ಹೆಚ್ಚಿ ಈರುಳ್ಳಿ ಟೊಮ್ಯಾಟೊ ಜೊತೆ ಬಾಡಿಸುತ್ತಾರೆ. ಅದರ ಹೆಸರು 'ಸುಕುಮಾ ವಿಕಿ'. ಅಂದರೆ 'ವಾರ ನೂಕು' ಎಂದರ್ಥ! ಕೈಯಲ್ಲಿ ಕಾಸಿಲ್ಲದ ವಾರವನ್ನು ಹೇಗೋ ನೂಕಿಸುವ ಪಲ್ಯ. ತಿಂಗಳ ಕೊನೆಯ ವಾರ ಬಂದಾಗ ನಮ್ಮ ಮನೆಗಳಲ್ಲೂ ಇಂಥ ಒಂದು ಸಾರು ಇದ್ದೇ ಇರುತ್ತದೆ, ಹೆಸರು ಇಟ್ಟಿಲ್ಲ ಅಷ್ಟೆ. ಕಿಕುಯು ಜನರು ಮೆಕ್ಕೆಜೋಳದ ಕಾಳು, ಹುರುಳಿಕಾಯಿ ಬೀಜದಂಥ ಕಾಳು ಎರಡನ್ನೂ ಒಟ್ಟಿಗೆ ಬೇಯಿಸಿ 'ಗಿಥೇರಿ' ಮಾಡುತ್ತಾರೆ. ಆಲೂಗೆಡ್ಡೆ, ಬಟಾಣಿ, ಜೋಳ ಬೇಯಿಸಿ ಮಸೆದರೆ 'ಇರಿಯೊ'. ಮಸಾಲೆ ಕಡಿಮೆ.

ಇನ್ನು ನಾವು ಕೊಟ್ಟದ್ದೇನು? ಚಪಾತಿ! ಅಲ್ಲಿಯ ಮನೆಗಳಲ್ಲಿ ಚಪಾತಿ ಎಂದರೆ ಹಬ್ಬದಡುಗೆ. ಕ್ರಿಸ್‌ಮಸ್‌ಗೆ, ನೆಂಟರು ಬಂದಾಗ ಮಾಡುತ್ತಾರೆ, ಹೆಸರೂ ಚಪಾತಿಯೇ. ಚಹಕ್ಕೆ 'ಚಾಯ್', ಸಮೋಸಕ್ಕೆ 'ಸಂಬುಸಾ', ಕಾರಿಗೆ 'ಗಾರಿ', ದುಡ್ಡಿಗೆ 'ಪೇಸಾ', ವಿಮೆಗೆ 'ಬೀಮಾ'. ಒಂದಷ್ಟು ಮಾತು ನಮ್ಮವರೊಡನೆ ಹೋದವು, ಒಂದಷ್ಟು ಅರಬರ ಹಡಗಿನಲ್ಲಿ ಬಂದಿರಬಹುದು. ಅವರು ನಮಗೆ ಕೊಟ್ಟದ್ದನ್ನು ಕೇಳಿದರೆ ಆಶ್ಚರ್ಯಪಡುತ್ತೀರಿ. ರಾಗಿ! ನಮ್ಮ ರಾಗಿಯ ತವರು ಪೂರ್ವ ಆಫ್ರಿಕದ ಬೆಟ್ಟಸೀಮೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ಕಡೆಗೆ ಬಂತೆಂದು ಸಸ್ಯಶಾಸ್ತ್ರದವರು ಹೇಳುತ್ತಾರೆ. ಅಲ್ಲಿ ಇವತ್ತಿಗೂ ಅದರ ಗಂಜಿ ಮಾಡಿ ಮಕ್ಕಳಿಗೆ, ಬಾಣಂತಿಯರಿಗೆ ಕೊಡುತ್ತಾರೆ. ಅನ್ನದ ಋಣ ಯಾವ ಕಡೆಗಿದೆ ನೋಡಿ. ಇಷ್ಟಿದ್ದೂ ಎರಡು ಕಡೆಯವರು ಒಂದೇ ಪಂಕ್ತಿಯಲ್ಲಿ ಕೂತು ಉಂಡದ್ದು ಬಹಳ ಅಪರೂಪ.

ಬಳ್ಳಾರಿಯ ಹುಡುಗ, ಧಾರವಾಡದ ಹುಡುಗ

ಪಂತರ ಕಾಲದ ನೈರೋಬಿಯಲ್ಲಿ ಎರಡು ಲೋಕದ ನಡುವಿನ ಗೋಡೆ ದಾಟಿದ ಇಬ್ಬರ ವಿಷಯ ಹೇಳಬೇಕು. ಕನ್ನಡ ನಾಡಿನವರು ಹೆಮ್ಮೆಪಡುವಂಥ ವಿಷಯ.

ಒಬ್ಬರು ಜೋಸೆಫ್ ಮುರುಂಬಿ. ತಂದೆ ಗೋವೆಯ ವ್ಯಾಪಾರಿ, ತಾಯಿ ಕೀನ್ಯಾದ ಮಸಾಯಿ ಜನಾಂಗದ ಹೆಂಗಸು. ಹುಟ್ಟಿದ್ದು 1911ರಲ್ಲಿ. ಎಳೆಯ ವಯಸ್ಸಿನಲ್ಲೇ ತಂದೆ ಓದಲೆಂದು ಭಾರತಕ್ಕೆ ಕಳಿಸಿದರು. ಮೊದಲು ಬೆಂಗಳೂರಿನ ಗುಡ್ ಶೆಫರ್ಡ್ ಕಾನ್ವೆಂಟು, ಆಮೇಲೆ ಬಳ್ಳಾರಿಯ ಸೇಂಟ್ ಪ್ಯಾಂಕ್ರಾಸ್ ಶಾಲೆ. ತಾಯಿಯಿಂದ ಅಷ್ಟು ದೂರ, ಬಳ್ಳಾರಿಯ ಬಿಸಿಲಿನಲ್ಲಿ ಆ ಹುಡುಗ ಹೇಗೆ ಬೆಳೆದನೋ! 1930ರ ದಶಕದ ಮೊದಲಲ್ಲಿ ಕೀನ್ಯಾಕ್ಕೆ ವಾಪಸು ಹೋದಾಗ ಅವರು ತಂದೆಯ ಕಡೆಯವರಾಗಿ, ಗೋವೆಯವರಾಗಿ ಇದ್ದುಬಿಡಬಹುದಿತ್ತು. ಸಂಬಳವೂ ಹೆಚ್ಚು, ಮರ್ಯಾದೆಯೂ ಹೆಚ್ಚು. ಆದರೆ ತಾನು ತಾಯಿಯ ಕಡೆಯವನು, ಆಫ್ರಿಕನ್, ಅಂತ ನಿಂತರು.

ಇನ್ನೊಬ್ಬರು ಪಿಯೋ ಗಾಮಾ ಪಿಂಟೊ. ನೈರೋಬಿಯಲ್ಲಿ ಹುಟ್ಟಿದ ಗೋವೆಯ ಮನೆತನದ ಹುಡುಗ. ಓದಿದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ! 1949ರಲ್ಲಿ ಕೀನ್ಯಾಕ್ಕೆ ಮರಳಿ ಆಫ್ರಿಕನರ ಹೋರಾಟದಲ್ಲಿ ಬಿದ್ದರು. 1954ರ ಜನವರಿಯಲ್ಲಿ ಎಮ್ಮಾ ಎಂಬುವರನ್ನು ಮದುವೆಯಾದರು. ಜೂನಿನಲ್ಲಿ ಪೊಲೀಸರು ಬಂದು ಹಿಡಿದುಕೊಂಡು ಹೋದರು. ಐದು ತಿಂಗಳ ಮದುವಣಗಿತ್ತಿ ಮನೆಯಲ್ಲಿ, ಗಂಡ ಸಮುದ್ರದ ನಡುವೆ ಒಂದು ದ್ವೀಪದ ಬಂದೀಖಾನೆಯಲ್ಲಿ. ಪೂರ್ತಿ ಬಿಡುಗಡೆಯಾದದ್ದು 1959ರಲ್ಲಿ.

ಈ ಇಬ್ಬರನ್ನೂ, ಇವರಂಥ ಇನ್ನೂ ಕೆಲವರನ್ನೂ ಕಂಡಾಗ ಪಂತರಿಗೆ ತಾವು ಹೇಳುತ್ತಿರುವುದು ಬರೀ ಆದರ್ಶವಲ್ಲ, ಮಾಡಬಹುದಾದ ಕೆಲಸ ಎನ್ನಿಸಿರಬೇಕು. ಅವರು ಸ್ವತಃ ಕೈಹಾಕಿದ ಕೆಲಸಗಳೂ ಅದೇ ದಿಕ್ಕಿನವು. ಆಫ್ರಿಕನ್ ಹುಡುಗರು ಭಾರತದ ಕಾಲೇಜುಗಳಲ್ಲಿ ಓದಲು ನಮ್ಮ ಸರ್ಕಾರ ವಿದ್ಯಾರ್ಥಿವೇತನ ಕೊಡತೊಡಗಿದಾಗ ಅದಕ್ಕೆ ಒತ್ತಾಸೆಯಾಗಿ ನಿಂತರು. ಗಾಂಧೀಜಿ ತೀರಿಕೊಂಡ ಮೇಲೆ ಅಲ್ಲಿನ ಭಾರತೀಯರು ಅವರ ನೆನಪಿಗೆ ಹಣ ಕೂಡಿಸಿದ್ದರು. ಆ ಹಣದಲ್ಲಿ ಎಲ್ಲ ಬಣ್ಣದ ಮಕ್ಕಳೂ ಒಟ್ಟಿಗೆ ಓದುವ ಕಾಲೇಜು ಆಗಬೇಕು ಎಂದು ಹಟ ಹಿಡಿದವರಲ್ಲಿ ಪಂತರೂ ಒಬ್ಬರು. ಅದು 1956ರಲ್ಲಿ ಬಾಗಿಲು ತೆರೆದ ರಾಯಲ್ ಟೆಕ್ನಿಕಲ್ ಕಾಲೇಜಿನಲ್ಲಿ ಸೇರಿಕೊಂಡಿತು, ಮುಂದೆ 1970ರಲ್ಲಿ ನೈರೋಬಿ ವಿಶ್ವವಿದ್ಯಾಲಯವಾಯಿತು. ಅಲ್ಲಿ ಗಾಂಧೀಜಿಯ ಪ್ರತಿಮೆ ಇದೆ, ಅನಾವರಣ ಮಾಡಿದವರು ಡಾ. ರಾಧಾಕೃಷ್ಣನ್.

ನೆತ್ತರು ಹರಿದ ವರ್ಷಗಳು

ಗಾಂಧೀಜಿಯ ಶಿಷ್ಯನಿಗೆ ದೊಡ್ಡ ಪರೀಕ್ಷೆ ಬಂದದ್ದು 1952ರಲ್ಲಿ. ನೆಲ ಕಳೆದುಕೊಂಡ ಕಿಕುಯು ಜನ ಗುಟ್ಟಾಗಿ ಆಣೆ ಹಾಕಿಕೊಂಡು ಕತ್ತಿ ಹಿಡಿದಿದ್ದರು. ಅದನ್ನೇ ಮೌ ಮೌ ದಂಗೆ ಎಂದು ಕರೆದರು. ಅಕ್ಟೋಬರ್ 20ರಂದು ಸರ್ಕಾರ ತುರ್ತುಪರಿಸ್ಥಿತಿ ಸಾರಿ, ಅದೇ ರಾತ್ರಿಯೇ ಕೆನ್ಯಾಟಾ ಮುಂತಾದವರನ್ನು ಹಿಡಿಯಿತು. ಪಂತರ ಗೆಳೆಯ ಮುದಿ ಕೊಯ್‌ನಾಂಗೆಯವರನ್ನೂ ಬಿಡಲಿಲ್ಲ. ಕೊಲೆ ಮೊಕದ್ದಮೆಯಲ್ಲಿ ಖುಲಾಸೆಯಾದರೂ ವರ್ಷಗಟ್ಟಲೆ ಬಂಧನದಲ್ಲೇ ಇಟ್ಟರು. ತಮ್ಮ ಮನೆಯಲ್ಲಿ ಕೂತು ಉಂಡವರು ಒಬ್ಬೊಬ್ಬರಾಗಿ ಜೈಲಿಗೆ ಹೋಗುವುದನ್ನು ಪಂತರು ನೋಡಬೇಕಾಯಿತು.

ಕೆನ್ಯಾಟಾ ಮತ್ತು ಇತರ ಐವರ ವಿಚಾರಣೆ ನಡೆಸಿದ್ದು ರೈಲಿಲ್ಲದ, ಹೋಟೆಲಿಲ್ಲದ ಕಪೆಂಗುರಿಯಾ ಎಂಬ ಮೂಲೆಯಲ್ಲಿ, ಜನ ಸೇರಬಾರದು ಅಂತ. ನೆಹರೂ ಅವರು ದಿವಾನ್ ಚಮನ್‌ಲಾಲ್ ಎಂಬ ಹೆಸರಾಂತ ವಕೀಲರನ್ನು ಕಳಿಸಿದರು. ಇಂಗ್ಲೆಂಡಿನಿಂದ ಪ್ರಿಟ್, ನೈಜೀರಿಯಾದಿಂದ ಡೇವಿಸ್, ಅಲ್ಲಿಯವರೇ ಆದ ಅಛ್ರೂ ಕಪಿಲಾ, ಫಿಟ್ಜ್ ಡಿಸೋಜ, ಜಸ್ವಂತ್ ಸಿಂಗ್ ಎಲ್ಲ ಒಟ್ಟಾಗಿ ವಾದಿಸಿದರು. ಕೇಸು ಸೋತಿತು, 1953ರ ಏಪ್ರಿಲಿನಲ್ಲಿ ಏಳು ವರ್ಷ ಕಠಿಣ ಸಜೆ ಆಯಿತು. ಆದರೆ ಕರಿಯನೊಬ್ಬನ ಪರ ಮೂರು ಬಣ್ಣದವರೂ ಒಂದೇ ಸಾಲಿನಲ್ಲಿ ನಿಂತದ್ದನ್ನು ಆ ದೇಶ ಮರೆಯಲಿಲ್ಲ.

ಹಿಂಸೆಯನ್ನು ಪಂತರು ಒಪ್ಪಲಿಲ್ಲ. ಆದರೆ ಇಂಗ್ಲಿಷರು ಹೇಳಿದ ಹಾಗೆ ಅದು ಕಾಡುಜನರ ಹುಚ್ಚು ಎಂದು ಹೇಳಲೂ ಇಲ್ಲ. ನೆಲದ ಹಸಿವು, ಬಣ್ಣದ ಅವಮಾನ ಇದರ ಬೇರು ಎಂದರು. ಕೊಲ್ಲಿಯೂ ಬೇಡಿ, ಕೊಲ್ಲುವಂತೆ ಮಾಡಲೂ ಬೇಡಿ ಎಂಬ ಈ ನಿಲುವು ಎರಡು ಕಡೆಯವರಿಗೂ ಅರೆಮನಸ್ಸಿನದಾಗಿ ಕಂಡಿರಬಹುದು.

ಆ ವರ್ಷಗಳ ಲೆಕ್ಕ ಕೇಳಿ. ದಂಗೆಯವರ ಕೈಯಲ್ಲಿ ಸತ್ತ ನಾಗರಿಕರಲ್ಲಿ ಬಿಳಿಯರು 32, ಏಷ್ಯಾದವರು 26, ಆಫ್ರಿಕನರೇ 1,800ಕ್ಕೂ ಹೆಚ್ಚು. ದಂಗೆಯವರಲ್ಲಿ ಸತ್ತವರು ಸರ್ಕಾರದ ಲೆಕ್ಕದಲ್ಲೇ 11 ಸಾವಿರದ ಮೇಲೆ. ಗಲ್ಲಿಗೇರಿಸಿದ್ದು ಸಾವಿರಕ್ಕೂ ಹೆಚ್ಚು ಜನರನ್ನು. ಹತ್ತು ಲಕ್ಷಕ್ಕೂ ಹೆಚ್ಚು ಕಿಕುಯು ಜನರನ್ನು, ಅದರಲ್ಲಿ ಹೆಂಗಸರು ಮಕ್ಕಳೇ ಹೆಚ್ಚು, ಮನೆ ಬಿಡಿಸಿ ಮುಳ್ಳುಬೇಲಿಯೊಳಗಿನ ಹೊಸ ಹಳ್ಳಿಗಳಿಗೆ ತಳ್ಳಿದರು. ಬಹಳ ವರ್ಷ ಕಳೆದು 2013ರಲ್ಲಿ ಬ್ರಿಟಿಷ್ ಸರ್ಕಾರ ತನ್ನ ಪಾರ್ಲಿಮೆಂಟಿನಲ್ಲಿ ಇದಕ್ಕೆ ವಿಷಾದ ಹೇಳಿ, ಚಿತ್ರಹಿಂಸೆ ಉಂಡು ಬದುಕಿ ಉಳಿದ 5,228 ಮಂದಿ ಮುದುಕರು ಮುದುಕಿಯರಿಗೆ ಪರಿಹಾರ ಕೊಟ್ಟಿತು.

ಇಲ್ಲಿ ನನ್ನದೊಂದು ಮಾತು. ಪಂತರು ಹೇಳಿದ್ದು ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹಾಗೆ ಹೇಳುವುದು ರಾಜರ ಮಗನಿಗೆ, ಸರ್ಕಾರದ ಕಾರಿನಲ್ಲಿ ಓಡಾಡುವವರಿಗೆ ಸ್ವಲ್ಪ ಸುಲಭ. ಎಲ್ಲೋ ಕಾಡಿನ ಅಂಚಿನಲ್ಲಿ ಒಂಟಿ ದುಕಾ ಇಟ್ಟುಕೊಂಡು, ರಾತ್ರಿ ಬಾಗಿಲಿಗೆ ಅಡ್ಡಪಟ್ಟಿ ಹಾಕಿ, ಮಕ್ಕಳನ್ನು ಒಳಕೋಣೆಯಲ್ಲಿ ಮಲಗಿಸಿ ನಿದ್ದೆಗೆಟ್ಟು ಕೂತ ವ್ಯಾಪಾರಿಯ ಹೆಂಡತಿಗೆ 'ನೀನು ಇವರ ಜೊತೆ ನಿಲ್ಲು' ಎಂದರೆ ಅವಳು ಏನು ಹೇಳಿಯಾಳು? ದಂಗೆಯವರಿಗೆ ಸಾಮಾನು ಕೊಟ್ಟರೆ ಪೊಲೀಸರು, ಕೊಡದಿದ್ದರೆ ದಂಗೆಯವರು. ಅವಳ ಕಡೆಯಿಂದಲೂ ಒಂದು ಪುಸ್ತಕ ಬರಬೇಕಿತ್ತು. ಹಾಗಂತ ಅವಳು ತನ್ನ ಮನೆಯಲ್ಲಿ ಹತ್ತು ವರ್ಷ ದುಡಿದ ಆಳಿಗೆ ಒಡೆದ ತಟ್ಟೆಯಲ್ಲಿ ಹಿತ್ತಲಿನಲ್ಲಿ ಹಾಕಿದ್ದನ್ನು ನಾನು ಸರಿ ಎನ್ನುವುದಿಲ್ಲ. ನಮ್ಮ ಊರುಗಳಲ್ಲಿ ಇವತ್ತಿಗೂ ಕೆಲಸದವಳಿಗೆ ಬೇರೆ ಲೋಟ ಇಟ್ಟಿರುವ ಮನೆಗಳಿವೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಗಂಟುಮೂಟೆ

ಕೀನ್ಯಾದ ಬಿಳಿಯ ಒಕ್ಕಲಿಗರು, ಗವರ್ನರು ಎಲ್ಲರೂ ಪಂತರೇ ಆಫ್ರಿಕನರಿಗೆ ತಲೆ ಕೆಡಿಸುತ್ತಿದ್ದಾರೆ ಎಂದು ಲಂಡನ್ನಿಗೆ ಬರೆದರು. ಲಂಡನ್ ದೆಹಲಿಯ ಮೇಲೆ ಒತ್ತಡ ತಂದಿತು. ನೆಹರೂ ಅವರು ಸಾಕಷ್ಟು ದಿನ ತಡೆದರು. ಕಡೆಗೆ 1954ರಲ್ಲಿ ಪಂತರು ನೈರೋಬಿ ಬಿಟ್ಟರು. ಅದೇ ವರ್ಷ ನಮ್ಮ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು, ಇಂಗ್ಲಿಷರಿಗೆ ಉತ್ತರ ಕೊಟ್ಟ ಹಾಗೆ!

ಆಮೇಲಿನದು ಬೇಗ ಹೇಳಿಬಿಡುತ್ತೇನೆ. 1963ರ ಡಿಸೆಂಬರ್ 12ರಂದು ಕೀನ್ಯಾ ಸ್ವತಂತ್ರವಾಯಿತು. ಬಳ್ಳಾರಿಯಲ್ಲಿ ಓದಿದ ಮುರುಂಬಿ ವಿದೇಶಾಂಗ ಮಂತ್ರಿಯಾಗಿ, 1966ರಲ್ಲಿ ಕೆಲವು ತಿಂಗಳು ದೇಶದ ಉಪಾಧ್ಯಕ್ಷರೂ ಆದರು. ಪಿಂಟೊ ಅವರಿಗೆ ಆ ಭಾಗ್ಯ ಇರಲಿಲ್ಲ. 1965ರ ಫೆಬ್ರವರಿಯಲ್ಲಿ ಮನೆಯ ಮುಂದೆ, ಕಾರಿನೊಳಗೆ, ಹಿಂದಿನ ಸೀಟಿನಲ್ಲಿ ಪುಟ್ಟ ಮಗಳು ಕೂತಿದ್ದಾಗಲೇ ಗುಂಡಿಕ್ಕಿ ಕೊಂದರು. ಮೂವತ್ತೆಂಟು ತುಂಬಿರಲಿಲ್ಲ. ಎಮ್ಮಾ ಮೂರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಕೆನಡಾಕ್ಕೆ ಹೋಗಿ, ದುಡಿದು ಸಾಕಿದರು.

ಅಲ್ಲಿಯ ಭಾರತೀಯರಿಗೆ ಹೊಸ ಸರ್ಕಾರ ಎರಡು ವರ್ಷ ಅವಕಾಶ ಕೊಟ್ಟು, ಬೇಕಾದವರು ಕೀನ್ಯಾದ ಪ್ರಜೆಗಳಾಗಿ ಎಂದಿತು. ಬಹಳ ಮಂದಿ ಬ್ರಿಟಿಷ್ ಪಾಸ್‌ಪೋರ್ಟನ್ನೇ ಸೆರಗಿನಲ್ಲಿ ಕಟ್ಟಿಕೊಂಡರು. 1967ರಲ್ಲಿ ಕೀನ್ಯಾ ಪ್ರಜೆಗಳಲ್ಲದವರ ವ್ಯಾಪಾರಕ್ಕೆ ಕಡಿವಾಣ ಬಿತ್ತು. 1968ರಲ್ಲಿ ಬ್ರಿಟನ್ನೂ ತನ್ನ ಬಾಗಿಲು ಅರ್ಧ ಮುಚ್ಚಿತು. ನಂಬಿದ ಪಾಸ್‌ಪೋರ್ಟು ಕೈಕೊಟ್ಟಿತು. ಸೀರೆಯ ಟ್ರಂಕು, ಹಿತ್ತಾಳೆ ಪಾತ್ರೆ, ಅಜ್ಜನ ಫೋಟೊ ಹೊತ್ತುಕೊಂಡು ವಿಮಾನ ನಿಲ್ದಾಣದಲ್ಲಿ ಸಾಲುಗಟ್ಟಿದವರಲ್ಲಿ ಅರ್ಧದಷ್ಟಾದರೂ ಹೆಂಗಸರೇ.

ವಿಧಿಯ ಆಟ ನೋಡಿ. ಯಾವ ಲಂಡನ್ನಿನವರು ಪಂತರನ್ನು ವಾಪಸು ಕರೆಸಿಕೊಳ್ಳಿ ಎಂದಿದ್ದರೋ ಅದೇ ಲಂಡನ್ನಿಗೆ 1969ರಲ್ಲಿ ಅವರೇ ಭಾರತದ ಹೈಕಮಿಷನರಾಗಿ ಹೋದರು. ಅವರು ಅಲ್ಲಿದ್ದಾಗಲೇ, 1972ರ ಆಗಸ್ಟಿನಲ್ಲಿ, ಪಕ್ಕದ ಉಗಾಂಡದಲ್ಲಿ ಇದಿ ಅಮೀನ್ ತೊಂಬತ್ತು ದಿನದ ಗಡುವು ಕೊಟ್ಟು ಏಷ್ಯಾದವರನ್ನು ಹೊರಡಿಸಿದ. 27 ಸಾವಿರಕ್ಕೂ ಹೆಚ್ಚು ಜನ ಉಟ್ಟ ಬಟ್ಟೆಯಲ್ಲಿ ಬ್ರಿಟನ್ನಿಗೆ ಬಂದು ಇಳಿದರು. ಇಪ್ಪತ್ತು ವರ್ಷದ ಹಿಂದೆ ತಮ್ಮ ಜನರಿಗೆ ಹೇಳಿ ಹೇಳಿ ಸಾಕಾದದ್ದನ್ನೆಲ್ಲ ಅವರು ಆಗ ನೆನೆಯದೆ ಇದ್ದಿರಲಾರರು.

ಪಂತರು ತೀರಿಕೊಂಡದ್ದು 1992ರಲ್ಲಿ. 2017ರ ಜುಲೈನಲ್ಲಿ ಕೀನ್ಯಾ ಸರ್ಕಾರ ಅಲ್ಲಿ ನೆಲೆಸಿರುವ ಏಷ್ಯಾ ಮೂಲದವರನ್ನು ತನ್ನ ದೇಶದ 44ನೆಯ ಬುಡಕಟ್ಟು ಎಂದು ಸಾರಿತು. ಕಿಕುಯು, ಮಸಾಯಿ, ಲುವೊ ಜನರ ಸಾಲಿನಲ್ಲಿ ಈಗ ಅವರ ಹೆಸರೂ ಇದೆ.